ಕಲ್ಲು ಆರಿಸಿದ ಮಣ್ಣು

ಟಿಂಡಾರಾ
16 ಆಗಸ್ಟ್ 1987, ಭಾನುವಾರ

ರಾಸ್,

ನೀನು ಅಡಿಲೇಡ್‌ಗೆ ಹೋಗಿ ಹನ್ನೊಂದು ದಿನವಾಯಿತು. ಸುಖವಾಗಿ ತಲುಪಿದೆ ಎಂದು ಒಂದು ಸಾಲು ಬರೆಯಲು ನಿನಗೆ ಪುರುಸೊತ್ತಾಗಲಿಲ್ಲ. ಫೋನ್ ಮಾಡಿದ್ದೆಯಂತೆ, ಸುತ್ತಿಗೆ ಬಡಿಯುತ್ತಲೇ ಮರ್ವ್ ಹೇಳಿದ. ಕುಲುಮೆಯ ಫೋನ್ ಇರುವುದು ಬೆಸುಗೆ ಹಾಕುವ ಮೇಜಿನ ಪಕ್ಕದಲ್ಲಿ. ನಾನು ಒಂದು ಮಾತಾಡಿದರೆ ಏಳು ಜನ ಗಂಡಸರು ಸುತ್ತಿಗೆ ಕೆಳಗಿಟ್ಟು ಕಿವಿಗೊಡುತ್ತಾರೆ. ಇನ್ನು ಮೇಲೆ ನಮ್ಮ ಮಾತೆಲ್ಲ ಕಾಗದದಲ್ಲೇ ಆಗಲಿ.

ಸಕ್ಕರೆ ಡಬ್ಬಿಯ ಕೆಳಗೆ ನೀನು ಬಿಟ್ಟುಹೋದ ಒಪ್ಪಂದವನ್ನು ಓದಿದೆ. ಎರಡು ಸಲ ಓದಿದೆ. ಬರುವ ಜೂನ್ ಮೂವತ್ತರೊಳಗೆ ನಾವಿಬ್ಬರೂ ಸಹಿ ಹಾಕಿದರೆ ಕಬ್ಬಿಣ ಒತ್ತುವ ಪ್ರೆಸ್ಸು, ಲೇತು, ಒಲೆ ಎಲ್ಲ ಅಲ್ಲಿನ ಹೊಸ ಸಂಶೋಧನಾ ಕೇಂದ್ರಕ್ಕೆ ಹೋಗುತ್ತವೆ. ಟಿಂಡಾರಾದ ಕುಲುಮೆಗೆ ಬೀಗ ಬೀಳುತ್ತದೆ. ಅಜ್ಜ ಶುರುಮಾಡಿದ ಕುಲುಮೆ. ಅರ್ಧ ರಾಸ್‌ಗೆ, ಅರ್ಧ ಡಲ್ಸಿಗೆ ಎಂದು ಅಪ್ಪ ಬರೆದಿಟ್ಟು ಹೋದ ಕುಲುಮೆ. ನಿನ್ನ ಸಹಿ ಆಗಲೇ ಬಿದ್ದಿದೆ, ಚಂದವಾಗಿಯೇ ಬಿದ್ದಿದೆ. ಅದರ ಪಕ್ಕದ ಜಾಗ ನನ್ನದು. ಅದು ಖಾಲಿಯೇ ಇರುತ್ತದೆ, ತಿಳಿದುಕೋ.

ಶುಕ್ರವಾರದ ಸಮಾಚಾರ ಹೇಳುತ್ತೇನೆ. ನಾಲ್ಕು ಗಂಟೆಗೆ ಎಂದಿನಂತೆ ಎಲ್ಲರೂ ಚಹಾಕ್ಕೆ ಬಂದರು. ನೀನಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ನೀನು ಕೂರುತ್ತಿದ್ದ ಎಣ್ಣೆ ಡಬ್ಬದ ಮೇಲೆ ಯಾರೂ ಕೂರಲೂ ಇಲ್ಲ. ಗಿಲ್ ಶಿರ್ಮರ್ ತನ್ನ ಕೂರಿಗೆಯ ಮುರಿದ ಮೊನೆ ಹಿಡಿದುಕೊಂಡು ಬಂದ. ಸೀಮೆಸುಣ್ಣ ತೆಗೆದುಕೊಂಡು ದೊಡ್ಡ ಬಾಗಿಲ ಮೇಲೆ ಬರೆದ: 'ದಿಬ್ಬದ ಹೊಲ. ಸುಣ್ಣಕಲ್ಲು ತಾಗಿತು. ಎಡದಿಂದ ಆರನೇ ಮೊನೆ.' ಮರ್ವ್ ಬಿಡಬೇಕಲ್ಲ! "ಕಲ್ಲೋ, ಹೋದ ವರ್ಷ ನೀನೇ ಕೀಳದೆ ಬಿಟ್ಟ ಮರದ ಬುಡಾನೋ? ನೆಟ್ಟಗೆ ಹೇಳಯ್ಯ" ಅಂದ. ಗಿಲ್‌ನ ಕಿವಿ ಕೆಂಪಾಯಿತು. ಕಲ್ಲು ಎಂಬುದನ್ನು ಅಳಿಸಿ ಬುಡ ಎಂದು ಬರೆದು ಕೆಳಗೆ ತನ್ನ ಹೆಸರು ಹಾಕಿದ. ಎಪ್ಪತ್ತು ವರ್ಷದ ಮುದುಕ, ಪಾಪ, ಸುಳ್ಳು ಅವನ ಕೈಯಲ್ಲಿ ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಯಂತ್ರದ ತಪ್ಪಾದರೆ ತಪ್ಪು ಮಾತ್ರ ಬರೆಯುವುದು, ನಮ್ಮ ತಪ್ಪಾದರೆ ಕೆಳಗೆ ನಮ್ಮ ಹೆಸರು, ಸರಿಹೋಗುವ ತನಕ ಅಳಿಸಬಾರದು, ಅಳಿಸುವುದಾದರೂ ಬರೆದವನೇ. ಅಜ್ಜನ ಕಾಲದಿಂದ ಈ ನಿಯಮವನ್ನು ಯಾರೂ ಮೀರಿಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗಿಲ್ ಕೊಡಿಸಿದ ಬಿಯರ್ ಕುಡಿದರು.

ಹೇಳು, ಅಡಿಲೇಡ್‌ನಲ್ಲಿ ಅಂಥ ಬಾಗಿಲು ಇದೆಯೇ?

ನಿನ್ನ ಅಕ್ಕ
ಡಲ್ಸಿ


ಅಡಿಲೇಡ್
30 ಆಗಸ್ಟ್ 1987

ಡಲ್ಸಿ,

ಬೈದಾದರೂ ಬರೆದೆಯಲ್ಲ, ಸಂತೋಷ. ಇಲ್ಲಿ ಬಾಗಿಲುಗಳೆಲ್ಲ ಗಾಜಿನವು, ಸೀಮೆಸುಣ್ಣ ಹತ್ತುವುದಿಲ್ಲ. ಆಯಿತೇ? ನೀನು ಗೆದ್ದೆ. ಈಗ ನನ್ನ ಮಾತು ಕೇಳು.

ಹೋದ ವರ್ಷ ದಕ್ಷಿಣದ ಕಡೆಯಿಂದ ಒಬ್ಬ ರೈತ ಬಂದಿದ್ದ, ನೆನಪಿದೆಯೇ? ನೂರು ಕಿಲೋಮೀಟರ್ ಗಾಡಿ ಓಡಿಸಿಕೊಂಡು ಬಂದಿದ್ದ. ನಮ್ಮ ಮೊನೆ ಹಾಕಿದ ಕೂರಿಗೆ ತನ್ನ ಜೇಡಿಮಣ್ಣಿನಲ್ಲಿ ಹೂತುಹೋಗುತ್ತದೆ, ಬೀಜ ಎಲ್ಲಿ ಬಿತ್ತೋ ತಿಳಿಯುವುದಿಲ್ಲ ಎಂದು ಹೇಳಿದ. ನಾವೇನು ಮಾಡಿದೆವು? ಚಹಾ ಕೊಟ್ಟೆವು, ಕೇಕು ಕೊಟ್ಟೆವು, ನಿಮ್ಮೂರ ಮಣ್ಣೇ ಸರಿಯಿಲ್ಲ ಎಂದು ನಕ್ಕು ಸಾಗಹಾಕಿದೆವು. ಬಾಗಿಲ ಮೇಲೆ ಬರೆಯುತ್ತೇನೆ, ಸೀಮೆಸುಣ್ಣ ಕೊಡಿ ಎಂದು ಅವನು ಕೇಳಿದಾಗ ಮರ್ವ್ "ಜಾಗ ಇಲ್ಲ ಸ್ವಾಮಿ" ಅಂದ. ಜಾಗ ಇತ್ತು, ಡಲ್ಸಿ. ನಮ್ಮ ಬಾಗಿಲಿಗೆ ಗೊತ್ತಿರುವುದು ಸುತ್ತಲಿನ ಐವತ್ತು ಕಿಲೋಮೀಟರ್ ಅಷ್ಟೆ. ಅದರಾಚೆ ಏನಿದ್ದರೂ ನಮಗೆ ತಮಾಷೆ. ಈ ರಾಜ್ಯದಲ್ಲಿ ಗೋಧಿ ಬೆಳೆಯುವ ಮಣ್ಣು ಎಷ್ಟು ಬಗೆ ಎಂದು ನಾನು ಎಣಿಸಿದ್ದು ಇಲ್ಲಿಗೆ ಬಂದ ಮೇಲೆ. ನನ್ನ ವಯಸ್ಸು ನಲವತ್ತೊಂಬತ್ತು.

ಇಲ್ಲಿ ಹಲೀನಾ ಎಂಬ ಎಂಜಿನಿಯರ್ ಇದ್ದಾರೆ. ಪೋಲೆಂಡಿನವರು, ಲೋಹದ ವಿಷಯ ಅರೆದು ಕುಡಿದವರು. ನಮ್ಮ ಮೊನೆಯ ತುದಿಗೆ ಟಂಗ್‌ಸ್ಟನ್ ಚೂರು ಕೂರಿಸಿ ತೋರಿಸಿದರು. ನಮ್ಮದು ಐನೂರು ಎಕರೆ ಬಿತ್ತುವಷ್ಟರಲ್ಲಿ ಸವೆದು ಚಮಚದ ಹಾಗಾಗುತ್ತದೆ. ಇದು ಮೂರು ಸಾವಿರ ಎಕರೆ ತಾಳುತ್ತದೆ. ನಾನೂ ಮರ್ವ್‌ನೂ ಜನ್ಮವಿಡೀ ಬಡಿದರೂ ಇದನ್ನು ಮಾಡಲಾಗುತ್ತಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದಾಗ ನನಗೆ ಅಳು ಬಂತು, ನಗಬೇಡ.

ಊಟದ ಹೊತ್ತಿಗೆ ಇಲ್ಲಿ ಎಲ್ಲರೂ ತಮ್ಮ ತಮ್ಮ ಮೇಜಿನಲ್ಲೇ ಸ್ಯಾಂಡ್‌ವಿಚ್ ತಿನ್ನುತ್ತಾರೆ. ಪಕ್ಕದ ಕೋಣೆಯವನು ಏನು ಕೆಲಸ ಮಾಡುತ್ತಾನೆಂದು ಇನ್ನೂ ಗೊತ್ತಿಲ್ಲ. ಅಭ್ಯಾಸವಾಗುತ್ತದೆ ಬಿಡು.

ರಾಸ್


ಅಡಿಲೇಡ್
2 ಅಕ್ಟೋಬರ್ 1987

ಡಲ್ಸಿ,

ಒಂದು ಉಪಕಾರ ಮಾಡಬೇಕು. ಮೊನೆ ಪರೀಕ್ಷಿಸಲು ಇಲ್ಲಿ ಮೂವತ್ತು ಮೀಟರ್ ಉದ್ದದ ತೊಟ್ಟಿ ಕಟ್ಟಿದ್ದಾರೆ. ಅದರಲ್ಲಿ ಮಣ್ಣು ತುಂಬಿ, ಮೇಲೆ ಹಳಿಯ ಮೇಲೆ ಕೂರಿಗೆಯನ್ನು ಓಡಿಸುತ್ತಾರೆ. ಪೇಟೆಯ ಮರಳು ತುಂಬುವುದರಲ್ಲಿದ್ದರು. ನಾನು ಜಗಳವಾಡಿದೆ, ಟಿಂಡಾರಾದ ಮಣ್ಣೇ ಬರಬೇಕೆಂದು ಹಟ ಹಿಡಿದೆ, ಒಪ್ಪಿದರು. ನೋಡಿದೆಯಾ, ನಾನು ಊರು ಮರೆತಿಲ್ಲ.

ಗಿಲ್‌ನ ದಿಬ್ಬದ ಹೊಲದಿಂದ ಹನ್ನೆರಡು ಟನ್ ಬೇಕು. ಮೇಲಿನ ಒಂದು ಗೇಣು ಮಣ್ಣು ಸಾಕು. ನವೆಂಬರ್ ಹದಿಮೂರಕ್ಕೆ ಮಂತ್ರಿಗಳು ಬಂದು ತೊಟ್ಟಿಯನ್ನು ಉದ್ಘಾಟಿಸುತ್ತಾರೆ, ಅಷ್ಟರೊಳಗೆ ಬರಲಿ.

ರಾಸ್


ಟಿಂಡಾರಾ
18 ಅಕ್ಟೋಬರ್ 1987, ಭಾನುವಾರ

ರಾಸ್,

ಮಣ್ಣು ನಿನ್ನೆ ಲಾರಿಯಲ್ಲಿ ಹೋಯಿತು. ಮೂರು ದಿನ, ಆರು ಜನ ಕೆಲಸ ಮಾಡಿದರು. ಗಿಲ್ ತನ್ನ ಮಗಳ ಮದುವೆಗೂ ಇಷ್ಟು ಓಡಾಡಿರಲಿಲ್ಲ. ಲಾರಿಯ ಮೇಲೆ ಹೊದಿಸಲು ತನ್ನ ಒಳ್ಳೆಯ ಟಾರ್ಪಾಲನ್ನೇ ಕೊಟ್ಟ.

ಆ ದಿಬ್ಬದ ಮೇಲೆ ನಿಂತಾಗ ನಮ್ಮ ಚಿಕ್ಕಂದಿನದು ನೆನಪಾಯಿತು. ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಅಲ್ಲಿ ಗಿಲ್‌ನ ಅಪ್ಪನಿಗೆ ಕಲ್ಲು ಆರಿಸಿಕೊಡುತ್ತಿದ್ದೆವು. ಬಕೆಟ್ ತುಂಬಿದರೆ ಒಂದು ಬಿಸ್ಕತ್ತು. ನೀನು ಕೆಳಗೆ ಹುಲ್ಲು ತುಂಬಿ ಮೇಲೆ ಕಲ್ಲಿಟ್ಟು ಮೋಸ ಮಾಡುತ್ತಿದ್ದೆ.

ಬೇರೆ ಏನೂ ವಿಶೇಷವಿಲ್ಲ.

ಡಲ್ಸಿ


ಅಡಿಲೇಡ್
15 ನವೆಂಬರ್ 1987

ಡಲ್ಸಿ,

ಶುಕ್ರವಾರ ಉದ್ಘಾಟನೆ ಆಯಿತು. ನಮ್ಮ ಮೊನೆ ಮೂವತ್ತು ಮೀಟರನ್ನು ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ಸೀಳಿಕೊಂಡು ಹೋಯಿತು. ಇಪ್ಪತ್ತು ಸಲ ಓಡಿಸಿದರು, ಕೂದಲೆಳೆಯಷ್ಟೂ ಸವೆಯಲಿಲ್ಲ. ಮಂತ್ರಿಗಳು ನನ್ನ ಕೈ ಕುಲುಕಿ ಟಿಂಡಾರಾ ಎಲ್ಲಿದೆ ಎಂದು ಕೇಳಿದರು. ಹಲೀನಾ ಮಾತ್ರ ಏನೇನೋ ಪ್ರಶ್ನೆ ಕೇಳುತ್ತಲೇ ಇದ್ದರು, ಅದು ಅವರ ಸ್ವಭಾವ.

ಮುಂದಿನ ಬಿತ್ತನೆಗೆ ಮುನ್ನೂರು ಸೆಟ್ ತಯಾರಾಗುತ್ತವೆ. ಮೊದಲನೆಯದು ಗಿಲ್‌ಗೆ.

ಮಣ್ಣು ಬಂತು. ಚೆನ್ನಾಗಿತ್ತು. ಗಿಲ್‌ಗೆ ತಿಳಿಸು.

ರಾಸ್


ಟಿಂಡಾರಾ
14 ಫೆಬ್ರವರಿ 1988, ಭಾನುವಾರ

ರಾಸ್,

ನಿನ್ನ ಮೊನೆಗಳು ಬಂದಿವೆ. ನೀಲಿ ಡಬ್ಬಿ, ಒಳಗೆ ಸ್ಪಂಜು, ಮೇಲೆ ಬಣ್ಣದ ಚಿತ್ರ. ಮರ್ವ್ ಒಂದನ್ನು ಎತ್ತಿ ನೋಡಿ "ಇದನ್ನ ಹೊಲಕ್ಕೆ ಹಾಕೋದೋ, ಹೆಂಡ್ತಿ ಕಿವಿಗೆ ಹಾಕೋದೋ?" ಅಂದ. ಗಿಲ್ ಮಾತ್ರ ಡಬ್ಬಿಯನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದಾನೆ. 'ನನ್ ಹೊಲದ ಮಣ್ಣಲ್ಲೇ ಪಾಸಾಗಿರೋದು' ಎನ್ನುತ್ತಾನೆ.

ಹೊಸ ಮೊನೆ ಅಲ್ಲೇ ತಯಾರಾಗುವುದರಿಂದ ನಮ್ಮಲ್ಲಿ ಕೆಲಸ ಕಡಿಮೆಯಾಯಿತು. ಇಬ್ಬರು ಬಿಟ್ಟುಹೋದರು; ಒಬ್ಬ ಗಣಿಗೆ, ಇನ್ನೊಬ್ಬ ಎಲ್ಲಿಗೆಂದು ಹೇಳಲಿಲ್ಲ. ಶುಕ್ರವಾರದ ಚಹಾಕ್ಕೆ ಈಗ ನಾಲ್ಕೈದು ಜನ. ಬಾಗಿಲ ಮೇಲೆ ಬರೆಯುವುದೇನು ಬಂತು? ಡಬ್ಬಿಯೊಳಗೆ ಅಚ್ಚು ಹಾಕಿದ ಫಾರಂ ಇಟ್ಟಿದ್ದೀರಲ್ಲ, ಏನಾದರೂ ಮುರಿದರೆ ತುಂಬಿ ಅಂಚೆಗೆ ಹಾಕಬೇಕಂತೆ, ಆರು ವಾರದಲ್ಲಿ ಉತ್ತರ ಬರುತ್ತದಂತೆ. ನಮ್ಮಲ್ಲಿ ಬೆಳಿಗ್ಗೆ ಮುರಿದದ್ದು ಸಂಜೆಗೆ ಹೊಸ ಆಕಾರದಲ್ಲಿ ಹೊಲಕ್ಕೆ ಹೋಗುತ್ತಿತ್ತು. ಮರುದಿನ ಮತ್ತೆ ಮುರಿದರೆ ಮತ್ತೆ ಬೇರೆ ಆಕಾರ. ನಿನ್ನ ಮೊನೆಯೂ ಹಾಗೆ ಮುರಿದು ಮುರಿದೇ ಹುಟ್ಟಿದ್ದು, ಮರೆಯಬೇಡ.

ದಿಬ್ಬದ ಮೇಲೆ ಹಳೆಯ ಮೊನೆಯನ್ನೇ ಹಾಕು ಎಂದು ಗಿಲ್‌ಗೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಹೇಳಲಿಲ್ಲ.

ಡಲ್ಸಿ


ಅಡಿಲೇಡ್
6 ಮಾರ್ಚ್ 1988

ಡಲ್ಸಿ,

ಯಾಕೆ ಹೇಳಬೇಕಿತ್ತು? ಹೊಸದನ್ನು ಕಂಡರೆ ನಿನಗೆ ಮೊದಲಿನಿಂದಲೂ ಹೊಟ್ಟೆಯುರಿ. ಗಿಲ್‌ನ ತಲೆ ಕೆಡಿಸಬೇಡ.

ಏಪ್ರಿಲ್ ಮೊದಲ ವಾರ ಲಾರಿ ಬರುತ್ತದೆ. ಪ್ರೆಸ್ಸು ನನ್ನ ಪಾಲಿನದು, ಅದನ್ನು ಕಳಿಸು. ಉಳಿದದ್ದು ನೀನು ಸಹಿ ಹಾಕಿದ ಮೇಲೆ. ಜೂನ್ ಮೂವತ್ತು ದೂರವಿಲ್ಲ. ಮರ್ವ್ ಬಂದರೆ ಅವನಿಗೂ ಇಲ್ಲಿ ಕೆಲಸವಿದೆ, ನಿನಗೂ ಇದೆ. ಆ ತಗಡಿನ ಚಪ್ಪರ ಎಷ್ಟು ದಿನ ಕಾಯುತ್ತೀಯ?

ರಾಸ್


ಟಿಂಡಾರಾ
15 ಮೇ 1988, ಭಾನುವಾರ

ರಾಸ್,

ನಿನಗೆ ಫಾರಂ ಬರುವ ಮುಂಚೆ ಈ ಕಾಗದ ಬರಲಿ ಎಂದು ಬರೆಯುತ್ತಿದ್ದೇನೆ.

ಮೂರನೇ ತಾರೀಖು ಮಂಗಳವಾರ ಮಳೆಯಾಯಿತು. ಮೂವತ್ತೊಂದು ಮಿಲಿಮೀಟರ್, ಇಂಥ ಹದ ನಾವು ಕಂಡು ಐದು ವರ್ಷವಾಗಿತ್ತು. ಬುಧವಾರ ಬೆಳಗಾಗುತ್ತಲೇ ಇಡೀ ಊರು ಹೊಲದಲ್ಲಿತ್ತು. ಹನ್ನೊಂದು ಗಂಟೆಗೆ ಗಿಲ್ ಬಂದ. ಟ್ರ್ಯಾಕ್ಟರ್ ದಿಬ್ಬ ಹತ್ತಿದ್ದೇ ತಡ, ಮೊನೆಗಳ ತುದಿಗಳು ಒಂದರ ಹಿಂದೆ ಒಂದು ಹಾರಿಹೋದವಂತೆ. ಗಟ್ಟಿ ಇರಬಹುದು ನಿನ್ನ ಟಂಗ್‌ಸ್ಟನ್, ಆದರೆ ಪೆಡಸು. ಕಲ್ಲು ತಾಗಿದರೆ ಗಾಜಿನ ಬಳೆ. ಮಧ್ಯಾಹ್ನದೊಳಗೆ ಇನ್ನೂ ಮೂವರು ಬಂದರು. ಶುಕ್ರವಾರದ ಹೊತ್ತಿಗೆ ಬಾಗಿಲ ಮುಂದೆ ಹದಿನೇಳು ಗಾಡಿ.

ಹಳೆಯ ಮೊನೆ ಬಡಿದುಕೊಡೋಣವೆಂದರೆ ಪ್ರೆಸ್ಸು ಎಲ್ಲಿದೆ? ಏಪ್ರಿಲ್‌ನಲ್ಲೇ ನಿನ್ನ ಲಾರಿ ಹತ್ತಿತಲ್ಲ. ಮರ್ವ್‌ನೂ ಉಳಿದ ನಾಲ್ವರೂ ಕೈಸುತ್ತಿಗೆಯಲ್ಲೇ ಬಡಿದರು. ದಿನಕ್ಕೆ ಮೂವತ್ತು ಆಗುತ್ತಿತ್ತು, ಬೇಕಾದದ್ದು ಸಾವಿರ. ಒಂಬತ್ತನೇ ತಾರೀಖು ಉತ್ತರದ ಒಣಗಾಳಿ ಎದ್ದಿತು. ಎರಡೇ ದಿನದಲ್ಲಿ ಹದ ಹಾರಿಹೋಯಿತು. ಗಿಲ್‌ನದು ಅರ್ಧಕ್ಕಿಂತ ಹೆಚ್ಚು ಹೊಲ ಬಿತ್ತದೆ ಉಳಿಯಿತು.

ಈಗ ಹೇಳುವುದನ್ನು ಕೂತು ಓದು. ಮೊನ್ನೆ ಶುಕ್ರವಾರ ಗಿಲ್ ಸೀಮೆಸುಣ್ಣ ತೆಗೆದುಕೊಂಡ. ನಿಮ್ಮನ್ನು ಬೈದು ಬರೆಯುತ್ತಾನೆ ಎಂದುಕೊಂಡೆವು. ಡಬ್ಬಿಯ ಜೊತೆ ಬಂದ ಚೀಟಿಯಲ್ಲಿ ದಿಬ್ಬದ ಮೇಲೆ ಗಂಟೆಗೆ ಎಂಟು ಕಿಲೋಮೀಟರ್ ಮೀರಬಾರದು ಎಂದಿತ್ತಂತೆ. ಇವನು ಹದ ಹೋದೀತೆಂದು ಹತ್ತರಲ್ಲಿ ಓಡಿಸಿದನಂತೆ. 'ವೇಗ ಜಾಸ್ತಿ ಆಯಿತು' ಎಂದು ಬರೆದು ಕೆಳಗೆ ತನ್ನ ಹೆಸರು ಹಾಕಿದ. ಮರ್ವ್ "ಏಯ್ ಮುದುಕಪ್ಪ, ನಿಂಗೇನ್ ತಲೆ ಕೆಟ್ಟಿದ್ಯಾ? ಎಂಟರಲ್ಲಿ ಓಡಿಸ್ದೋರ್ದೂ ಮುರ್ದಿದೆ" ಅಂತ ಕೂಗಾಡಿದ. ಗಿಲ್ ಹೇಳಿದ: "ಅದೇ ಮಣ್ಣಲ್ಲಿ ಅಲ್ಲಿ ಇಪ್ಪತ್ ಸಲ ಓಡಿದೆ ಕಣೋ. ಮಣ್ಣು ನಂದು. ಮೊನೆ ರಾಸ್‌ದು. ಇನ್ ಉಳ್ದಿದ್ದು ನಾನೇ ಅಲ್ವಾ?"

ಈ ಸಲ ಯಾರೂ ನಗಲಿಲ್ಲ. ಬಿಯರ್ ಕೂಡ ಯಾರೂ ಕುಡಿಯಲಿಲ್ಲ.

ಡಲ್ಸಿ


ಅಡಿಲೇಡ್
24 ಮೇ 1988

ಡಲ್ಸಿ,

ನಿನ್ನೆ ಸಭೆಯಾಯಿತು. ರೈತರು ಚೀಟಿಯಲ್ಲಿದ್ದ ವೇಗವನ್ನು ಮೀರಿದ್ದಾರೆ, ಮೊನೆಯಲ್ಲಿ ದೋಷವಿಲ್ಲ ಎಂದು ವರದಿ ಹೋಗುತ್ತದೆ. ನಾನು ಸಭೆಯಲ್ಲಿದ್ದೆ. ಏನೂ ಹೇಳಲಿಲ್ಲ.

ಗಿಲ್ ಹೆಸರು ಬರೆದದ್ದನ್ನು ಇನ್ನೊಂದು ಸಲ ನನಗೆ ಬರೆಯಬೇಡ.

ರಾಸ್


ಟಿಂಡಾರಾ
5 ಜೂನ್ 1988, ಭಾನುವಾರ

ರಾಸ್,

ಗಿಲ್‌ನ ವಿಷಯ ಬರೆಯುವುದಿಲ್ಲ. ನನ್ನ ವಿಷಯ ಬರೆಯುತ್ತೇನೆ.

ಅಕ್ಟೋಬರ್‌ನಲ್ಲಿ ಮಣ್ಣು ತುಂಬಲು ಆರು ಜನರಿಗೆ ಮೂರು ದಿನ ಯಾಕೆ ಬೇಕಾಯಿತೆಂದು ನೀನು ಕೇಳಲೇ ಇಲ್ಲ. ಒಂದು ಯಂತ್ರಕ್ಕೆ ಅದು ಒಂದು ಗಂಟೆಯ ಕೆಲಸ. ಮೊದಲನೇ ದಿನ ನಾನು ಸ್ಕೋನ್ ಬನ್ನು ಮಾಡಿಕೊಂಡು ದಿಬ್ಬಕ್ಕೆ ಹೋದೆ. ನೋಡಿದರೆ ಗಿಲ್ ಎರಡು ದೊಡ್ಡ ಜರಡಿ ಕಟ್ಟಿಸಿದ್ದಾನೆ. ಆರು ಜನರೂ ಮೊಣಕಾಲೂರಿ ಕಲ್ಲು ಆರಿಸುತ್ತಿದ್ದಾರೆ. ಹೆಬ್ಬೆರಳಿನ ಉಗುರಿನಷ್ಟು ಚೂರನ್ನೂ ಬಿಡುತ್ತಿಲ್ಲ. ಇದೇನೆಂದು ಕೇಳಿದೆ. "ಅಡಿಲೇಡ್‌ಗೆ ಹೋಗೋ ಮಣ್ಣು ಡಲ್ಸಿ, ಮಂತ್ರಿಗಳು ಬೇರೆ ನೋಡ್ತಾರಂತೆ. ಕಲ್ಲು ಸಮೇತ ಕಳ್ಸಿದ್ರೆ ಟಿಂಡಾರಾದೋರು ಶುದ್ಧ ಸೋಮಾರಿಗಳು ಅಂದ್ಕೊಳಲ್ವಾ? ರಾಸ್ ಮುಖ ತಗ್ಗಬಾರ್ದು ನೋಡು" ಅಂದ.

ನಿನಗೆ ಗೊತ್ತಲ್ಲ, ಈ ಊರಲ್ಲಿ ಒಬ್ಬನ ಹೊಲದ ಕಲ್ಲು ನೋಡಿಯೇ ಅವನ ಮನೆಗೆ ಹೆಣ್ಣು ಕೊಡುವುದೋ ಬೇಡವೋ ಎಂದು ನಿರ್ಧರಿಸುವವರು ನಾವು. ನೂರು ವರ್ಷದಿಂದ ಆರಿಸುತ್ತಿದ್ದೇವೆ, ಅವು ಉತ್ತಷ್ಟೂ ಮೇಲೆ ಬರುತ್ತಲೇ ಇವೆ. ಹೊರಗಿನವರ ಕೈಗೆ ಕಲ್ಲುಮಣ್ಣು ಕೊಡಲು ಅವನಿಗೆ ನಾಚಿಕೆಯಾಯಿತು.

'ಗಿಲ್, ಅವನಿಗೆ ಬೇಕಾದದ್ದೇ ಕಲ್ಲು' ಎಂದು ನಾನು ಹೇಳಬೇಕಿತ್ತು. ಒಂದೇ ಮಾತು. ಅದು ನನ್ನ ನಾಲಿಗೆಯ ತುದಿಯಲ್ಲಿತ್ತು. ನಾನು ಸ್ಕೋನಿಗೆ ಜಾಮ್ ಹಚ್ಚಿ ಎಲ್ಲರಿಗೂ ಕೊಟ್ಟು ಮನೆಗೆ ಬಂದೆ.

ಯಾಕೆಂದು ಸುತ್ತಿ ಬಳಸಿ ಹೇಳುವುದಿಲ್ಲ. ಅವರ ತೊಟ್ಟಿಯಲ್ಲಿ ಪಾಸಾದದ್ದು ನಮ್ಮ ಹೊಲದಲ್ಲಿ ನಪಾಸಾಗಲಿ, ಪೇಟೆಯವರಿಗೆ ಮುಖಭಂಗವಾಗಲಿ, ನೀನು ಬಾಲ ಮುದುರಿಕೊಂಡು ಮನೆಗೆ ಬರಲಿ ಎಂದುಕೊಂಡೆ. ಕುಲುಮೆ ಉಳಿಯುತ್ತದೆ ಎಂದುಕೊಂಡೆ. ನಪಾಸಾಗುವ ದಿನ ಯಾರ ಹೊಲದಲ್ಲಿ ಆಗುತ್ತದೆ, ಯಾರ ಹದ ಹೋಗುತ್ತದೆ ಎಂದು ಯೋಚಿಸಲಿಲ್ಲ. ಸುಳ್ಳು, ಫೆಬ್ರವರಿಯಲ್ಲಿ ಯೋಚಿಸಿದೆ. ಯೋಚಿಸಿಯೂ ಸುಮ್ಮನಿದ್ದೆ. ನಾನು ಇಷ್ಟು ಕೆಟ್ಟವಳೆಂದು ನನಗೇ ಗೊತ್ತಿರಲಿಲ್ಲ, ರಾಸ್.

ಶುಕ್ರವಾರ ಬಾಗಿಲ ಮೇಲೆ ಬರೆಯುತ್ತೇನೆ. ಅದಕ್ಕೆ ಮುಂಚೆ ನಿನಗೆ ತಿಳಿಸಬೇಕು ಅನ್ನಿಸಿತು. ನಿನ್ನ ಮೊನೆಯನ್ನು ಕೆಡಿಸಿದವಳು ನಾನು.

ಡಲ್ಸಿ


ಅಡಿಲೇಡ್
8 ಜೂನ್ 1988

ಡಲ್ಸಿ,

ಈ ಶುಕ್ರವಾರ ಬರೆಯಬೇಡ. ಒಂದು ವಾರ ತಡೆ. ಪೂರ್ತಿ ಬರೆಯುವುದಾದರೆ ನನ್ನದನ್ನೂ ಕೇಳಿ ಬರೆ.

ಲಾರಿ ಬಂದ ದಿನ ತೊಟ್ಟಿಗೆ ಮಣ್ಣು ಸುರಿಯುತ್ತಿದ್ದಂತೆ ನಾನು ಮೊಣಕೈಯವರೆಗೆ ಕೈ ಹಾಕಿದೆ. ಊರಿನ ವಾಸನೆ ಬಂತು. ಕೈಗೆ ಒಂದು ಕಲ್ಲೂ ತಾಗಲಿಲ್ಲ. ಆ ದಿಬ್ಬದಲ್ಲಿ ಕಲ್ಲು ಆರಿಸಿ ನನ್ನ ಉಗುರು ಕಿತ್ತುಹೋಗಿತ್ತು, ಡಲ್ಸಿ. ನೀನೇ ಬಟ್ಟೆ ಕಟ್ಟಿದ್ದೆ. ನನಗೆ ಆ ಕ್ಷಣವೇ ಗೊತ್ತಾಯಿತು. ಜರಡಿ ಹಿಡಿದವನು ಗಿಲ್ ಎಂದೂ ಗೊತ್ತಾಯಿತು, ಯಾಕೆಂದೂ ಗೊತ್ತಾಯಿತು.

ಹಲೀನಾ ಪಕ್ಕದಲ್ಲೇ ನಿಂತಿದ್ದರು. ಒಂದು ಹಿಡಿ ಎತ್ತಿ ಬೆರಳ ಸಂದಿಯಲ್ಲಿ ಬಿಟ್ಟು ನೋಡಿದರು. "ನಿಮ್ಮೂರ ಮಣ್ಣು ಇಷ್ಟೊಂದು ನುಣ್ಣಗಿರುತ್ತಾ, ರಾಸ್? ಕಲ್ಲು ಇದೆ ಅಂದಿದ್ರಲ್ಲ?" ಎಂದು ಕೇಳಿದರು. "ಅಲ್ಲಲ್ಲಿ ಇರತ್ತೆ ಅಷ್ಟೆ. ಹೀಗೇ ಇರೋದು" ಅಂದೆ.

ಅದಕ್ಕಿಂತ ಕೆಟ್ಟದ್ದು ಇದೆ. ಉದ್ಘಾಟನೆಗೆ ನಾಲ್ಕು ದಿನವಿದ್ದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ನಾನು ಹೊರಗೆ ರಸ್ತೆಬದಿಯಿಂದ ಐದಾರು ಕಲ್ಲು ತಂದು ತೊಟ್ಟಿಯಲ್ಲಿ ಹೂತು ಓಡಿಸಿದೆ. ಮೂರನೇ ಕಲ್ಲಿಗೆ ತುದಿ ಹಾರಿತು. ಕಲ್ಲುಗಳನ್ನು ಆರಿಸಿ ಹೊರಗೆಸೆದೆ, ಚಿಕ್ಕಂದಿನ ಅಭ್ಯಾಸವಲ್ಲವೇ? ಬೇರೆ ಮೊನೆ ಹಾಕಿದೆ. ಹಾರಿದ ತುದಿಯನ್ನು ಜೇಬಿಗೆ ಹಾಕಿಕೊಂಡೆ. ಆವತ್ತಿನಿಂದ ಅದು ನನ್ನ ಜೇಬಿನಲ್ಲೇ ಇತ್ತು. ಈಗ ಈ ಲಕೋಟೆಯಲ್ಲಿದೆ, ನೋಡು.

ಆವತ್ತೇ ಹಲೀನಾಗೆ ತೋರಿಸಿದ್ದರೆ ಅವರು ಆರು ತಿಂಗಳಲ್ಲಿ ಪೆಡಸು ತೆಗೆದು ಸರಿಮಾಡುತ್ತಿದ್ದರು. ಆಕೆಗೆ ಆ ಶಕ್ತಿಯಿದೆ. ಆದರೆ ಮೂರು ತಿಂಗಳಿಂದ ಹಳ್ಳಿಯ ಕಮ್ಮಾರ ಎಂದು ಎಲ್ಲರೂ ನನ್ನ ತಲೆಯ ಮೇಲೆ ಕೈಯಾಡಿಸುತ್ತಿದ್ದರು, ನಾಲ್ಕೇ ದಿನದಲ್ಲಿ ಮಂತ್ರಿ ಬರುವವರಿದ್ದರು. ನಾನು ತೋರಿಸಲಿಲ್ಲ. ಹಾಗಾಗಿ ನಿನ್ನ ಪಾಪವನ್ನು ನೀನೊಬ್ಬಳೇ ಹೊತ್ತುಕೊಂಡು ಮೆರೆಯಬೇಡ.

ಇವತ್ತು ಬೆಳಿಗ್ಗೆ ಹಲೀನಾಗೆ ಎಲ್ಲವನ್ನೂ ಹೇಳಿದೆ. ಕೂಗಾಡುತ್ತಾರೆ ಎಂದುಕೊಂಡೆ. ಅವರು "ಟಿಂಡಾರಾಕ್ಕೆ ಬಸ್ ಎಷ್ಟು ಹೊತ್ತಿಗಿದೆ?" ಎಂದು ಕೇಳಿದರು. ವಾರಕ್ಕೆ ಎರಡೇ ಬಸ್ಸು ಎಂದಾಗ ಮಾತ್ರ ಬೈದರು. ವರದಿಯನ್ನು ತಡೆಹಿಡಿಯಲು ಮೇಲಿನವರಿಗೆ ಬರೆದಿದ್ದೇನೆ. ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ.

ಒಪ್ಪಂದದ ವಿಷಯ ನಿನಗೆ ಬಿಟ್ಟದ್ದು. ನಾನು ಇನ್ನು ಕೇಳುವುದಿಲ್ಲ.

ರಾಸ್


ಟಿಂಡಾರಾ
26 ಜೂನ್ 1988, ಭಾನುವಾರ

ರಾಸ್,

ಒಪ್ಪಂದವನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ. ನನ್ನ ಜಾಗ ಖಾಲಿ ಇದೆ. ಕುಲುಮೆಗೆ ಬೀಗ ಬೀಳುವುದಿಲ್ಲ.

ಆದರೆ ಗೆದ್ದೆ ಎಂದು ಬರೆಯಲು ನನಗೆ ಬಾಯಿಲ್ಲ. ಕಳೆದ ವಾರ, ಹದಿನೇಳರ ಶುಕ್ರವಾರ, ಗಿಲ್‌ನ ಹೆಸರಿನ ಕೆಳಗೆ ಬರೆದೆ: 'ಮಣ್ಣಲ್ಲಿ ಕಲ್ಲಿಲ್ಲದ್ದು ಕಂಡೂ ಹೇಳಲಿಲ್ಲ. ಡಲ್ಸಿ.' ಮರ್ವ್ ಓದಿ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಗಿಲ್‌ಗೆ ಕನ್ನಡಕ ಬೇಕಾಯಿತು. ಓದಿದ. ಇನ್ನೊಂದು ಸಲ ಓದಿದ. "ಸ್ಕೋನ್ ತಂದ್ಕೊಟ್ಯಲ್ಲ ಡಲ್ಸಿ" ಅಂದ. ಅಷ್ಟೇ ಹೇಳಿ, ಚಹಾ ಮುಟ್ಟದೆ ಹೋದ. ಅವನು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಮೊನ್ನೆ ಶುಕ್ರವಾರ ಬರಲಾರ ಎಂದುಕೊಂಡಿದ್ದೆವು. ನಾಲ್ಕು ಗಂಟೆಗೆ ಸರಿಯಾಗಿ ಅವನ ಲಾರಿ ಬಂತು, ತುಂಬ ಭಾರ ಹೊತ್ತು ನರಳುತ್ತಾ ಬಂತು. ನನ್ನ ಕಡೆ ನೋಡಲಿಲ್ಲ. ಮರ್ವ್‌ನನ್ನು ಕರೆದು ಟಾರ್ಪಾಲು ಸರಿಸಿ ತೋರಿಸಿದ. ಅಕ್ಟೋಬರ್‌ನಲ್ಲಿ ಆರಿಸಿದ ಕಲ್ಲುಗಳು! ಬೇಲಿಯ ಮೂಲೆಯಲ್ಲಿ ರಾಶಿ ಹಾಕಿದ್ದನಂತೆ. ಒಂದೊಂದನ್ನೂ ಮತ್ತೆ ಕೈಯಲ್ಲೇ ಎತ್ತಿ ತುಂಬಿದ್ದಾನೆ, ಒಬ್ಬನೇ, ನಾಲ್ಕು ದಿನ. "ಇದನ್ನ ಆ ತೊಟ್ಟಿಗೆ ಹಾಕಕ್ಕೆ ರಾಸ್‌ಗೆ ಹೇಳು. ಇದೂ ನಮ್ ಮಣ್ಣೇ" ಅಂದ. ಮರ್ವ್‌ಗೆ ಹೇಳಿದ್ದು, ನನಗಲ್ಲ. ಆಮೇಲೆ ಬಾಗಿಲ ಹತ್ತಿರ ಹೋದ. ತನ್ನ ಹೆಸರನ್ನು ಅಳಿಸುತ್ತಾನೆ ಎಂದುಕೊಂಡೆ. ಅಳಿಸಲಿಲ್ಲ. "ಜರಡಿ ಹಿಡ್ದಿದ್ದು ನಾನೇ ಅಲ್ವಾ?" ಎಂದು 'ವೇಗ ಜಾಸ್ತಿ' ಎಂಬುದನ್ನು ಮಾತ್ರ ಅಳಿಸಿ 'ಕಲ್ಲು ಆರಿಸಿದೆ' ಎಂದು ಬರೆದ. ಲಾರಿಯನ್ನು ಅಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಹೋದ. ಆರು ಕಿಲೋಮೀಟರ್. ಕರೆದುಕೊಂಡು ಹೋಗುತ್ತೇನೆ ಎಂದು ನಾನು ಗಾಡಿ ತೆಗೆದುಕೊಂಡು ಹಿಂದೆ ಹೋದರೆ ಕೈಬೀಸಿ ಬೇಡವೆಂದ.

ಲಾರಿ ಬಾಗಿಲ ಮುಂದೆ ನಿಂತಿದೆ. ಮರ್ವ್ ಓಡಿಸಿಕೊಂಡು ಬರುತ್ತೇನೆ ಎಂದ, ನಾನು ಬೇಡವೆಂದೆ. ಬುಧವಾರದ ಬಸ್ಸಿಗೆ ನೀನೇ ಬಾ, ನಿನ್ನ ಹಲೀನಾರನ್ನೂ ಕರೆದುಕೊಂಡು ಬಾ, ಮೂರು ದಿನ ನಮ್ಮ ಮನೆಯಲ್ಲಿರಲಿ. ಆಕೆ ನಮ್ಮ ಬಾಗಿಲನ್ನು ಓದಲಿ. ದಕ್ಷಿಣದ ಆ ಜೇಡಿಮಣ್ಣಿನವನ ವಿಳಾಸ ಹುಡುಕುತ್ತಿದ್ದೇನೆ. ಮರ್ವ್ ಬಾಗಿಲ ಬಲಗಡೆ ಒಂದು ಮೊಳ ಜಾಗ ತೊಳೆದಿದ್ದಾನೆ, ಯಾಕೆಂದು ನಾನು ಕೇಳಲಿಲ್ಲ. ಹೋಗುವಾಗ ಕಲ್ಲು ತೆಗೆದುಕೊಂಡು ಹೋಗು, ಬರುವಾಗ ಅದೇ ಲಾರಿಯಲ್ಲಿ ಪ್ರೆಸ್ಸು ಬರಲಿ.

ಜೇಬಿನಲ್ಲಿಟ್ಟುಕೊಂಡಿದ್ದ ತುದಿ ತಲುಪಿತು. ಬಾಗಿಲ ಅಂಚಿನಲ್ಲಿ ಒಂದು ಮೊಳೆ ಹೊಡೆದು ತಂತಿಯಲ್ಲಿ ಕಟ್ಟಿದ್ದೇನೆ. ಯಾರದೆಂದು ಎಲ್ಲರೂ ಕೇಳುತ್ತಿದ್ದಾರೆ, ನಾನು ಹೇಳಿಲ್ಲ. ಅದರ ಕೆಳಗೆ ನಿನ್ನ ಹೆಸರಿಗೆ ಜಾಗ ಬಿಟ್ಟಿದ್ದೇನೆ. ಶುಕ್ರವಾರ ನಾಲ್ಕಕ್ಕೆ ಗಿಲ್ ಬಂದಾಗ ನೀನು ಅಲ್ಲಿರಬೇಕು.

ನಿನ್ನ ಅಕ್ಕ
ಡಲ್ಸಿ